ಘಟಕದ ಒಬ್ಬ ಸಿಬ್ಬಂದಿ

ಆಫೀಸಿನಲ್ಲಿ ಅವಳಿಗೆ ಅಡಿಟಿಪ್ಪಣಿ ಎಂದು ಅಡ್ಡಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಅಡಿಟಿಪ್ಪಣಿ. ಹತ್ತು ವರ್ಷದಿಂದ ಅದೇ ಮೂರನೇ ಮಹಡಿ, ಅದೇ ಕಿಟಕಿ ಪಕ್ಕದ ಮೇಜು, ಅದೇ ಕೆಲಸ. ಯಾವ ದೇಶದಲ್ಲಿ ಯಾರು ಯಾರನ್ನು ಹೊಡೆಯುತ್ತಾರೆ, ಹೊಡೆಸಿಕೊಂಡವನು ಪೊಲೀಸರ ಹತ್ತಿರ ಹೋದರೆ ಕೂರಲು ಕುರ್ಚಿ ಕೊಡುತ್ತಾರೋ ಇಲ್ಲ ಇನ್ನೆರಡು ಕೊಟ್ಟು ಕಳಿಸುತ್ತಾರೋ ಎಂದು ಹುಡುಕಬೇಕು. ಹುಡುಕಿದ್ದನ್ನು ಬರೆದು, ಪ್ರತಿ ಸಾಲಿಗೂ ಇದನ್ನು ಹೇಳಿದ್ದು ಯಾರು, ಎಲ್ಲಿ, ಯಾವತ್ತು ಎಂದು ಕೆಳಗೆ ಸಣ್ಣಕ್ಷರದಲ್ಲಿ ನಮೂದಿಸಬೇಕು. ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಓಡಿಬಂದವರಿಗೆ ಆಶ್ರಯ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರಿಗಳು ಎರಡನೇ ಮಹಡಿಯಲ್ಲಿ ಕೂರುತ್ತಿದ್ದರು. ಅವರಿಗೆ ಸಂಗತಿ ಒದಗಿಸುವುದಷ್ಟೇ ಇವಳ ಪಾಲಿನದು. ಕೊಡಿ ಎಂದೂ ಬರೆಯುವಂತಿಲ್ಲ, ಕೊಡಬೇಡಿ ಎಂದೂ ಬರೆಯುವಂತಿಲ್ಲ. ಅರ್ಜಿ ಹಾಕಿದವರ ಮುಖವನ್ನೂ ನೋಡುವಂತಿಲ್ಲ. ಅವರಿಗೆ ಹಿಂದಿನ ಬಾಗಿಲು, ಸಿಬ್ಬಂದಿಗೆ ಮುಂದಿನ ಬಾಗಿಲು. ಮುಖ ನೋಡಿದರೆ ಮನಸ್ಸು ಕರಗಿ ಬರವಣಿಗೆ ಒಂದು ಕಡೆ ವಾಲುತ್ತದಂತೆ. ಮನಸ್ಸು ಕರಗುವುದನ್ನು ಬಾಗಿಲು ಹಾಕಿ ತಡೆಯಬಹುದು ಎಂದು ನಂಬಿದ ಯಾರೋ ಜಾಣರು ಮಾಡಿಟ್ಟ ನಿಯಮ ಅದು.

ಮನೆಯಲ್ಲಿ ಇದ್ದದ್ದು ಅವಳೂ ಅಮ್ಮನೂ ಇಬ್ಬರೇ. ಮಗಳ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅಮ್ಮನ ಉತ್ತರ ಸಿದ್ಧವಾಗಿರುತ್ತಿತ್ತು. ಊರವರ ಕಷ್ಟಕ್ಕೆಲ್ಲ ಕೆಳಗೆ ಗೆರೆ ಎಳೆದು ನಂಬರ್ ಹಾಕುತ್ತಾಳೆ, ಸಂಬಳವೂ ಕೊಡುತ್ತಾರೆ ಪಾಪ, ಎನ್ನುತ್ತಿದ್ದಳು.

ಮೇಷ್ಟ್ರ ಕಡತ ಬಂದದ್ದು ಒಂದು ಸೋಮವಾರ. ಗಣಿತದ ಮೇಷ್ಟ್ರು, ವಯಸ್ಸು ಐವತ್ತೊಂದು, ಅಮ್ಮ ಹುಟ್ಟಿ ಬೆಳೆದ ದೇಶದವರೇ. ಅಲ್ಲಿಯ ಚುನಾವಣೆಯಲ್ಲಿ ಅವರನ್ನು ಎಣಿಕೆ ಕೆಲಸಕ್ಕೆ ಹಾಕಿದ್ದರು. ಅವರ ಮೇಜಿಗೆ ಬಂದ ಪೆಟ್ಟಿಗೆಯಲ್ಲಿ ಎಂಟುನೂರ ಹನ್ನೆರಡು ಮತಪತ್ರಗಳಿದ್ದವು. ಮತ ಹಾಕಿದವರ ಪಟ್ಟಿಯಲ್ಲಿ ಸಹಿ ಇದ್ದದ್ದು ಆರುನೂರ ನಲವತ್ತು. ಮೇಷ್ಟ್ರು ಮೂರು ಸಲ ಎಣಿಸಿದರು. ಮೂರು ಸಲವೂ ಅಷ್ಟೇ ಬಂತು. ಎಣಿಕೆ ಹಾಳೆಗೆ ಸಹಿ ಹಾಕಿ ಎಂದು ಮೇಲಿನವರು ಮೊದಲು ನಗುತ್ತಾ ಹೇಳಿದರು, ಆಮೇಲೆ ನಗದೆ ಹೇಳಿದರು. ಲೆಕ್ಕ ಕೂಡುತ್ತಿಲ್ಲ ಸ್ವಾಮಿ, ಹೇಗೆ ಹಾಕಲಿ ಎಂದರು ಮೇಷ್ಟ್ರು. ಅವರು ಮಾಡಿದ ರಾಜಕೀಯ ಅಂದರೆ ಇಷ್ಟೇ. ವಾರದೊಳಗೆ ಅವರಿಗೆ ದೇಶದ್ರೋಹಿ ಎಂಬ ಹೆಸರು ಬಂತು, ಕೆಲಸ ಹೋಯಿತು, ಮನೆಯ ಎದುರು ಹಗಲೆಲ್ಲ ಮೂರು ಜನ ನಿಂತಿರತೊಡಗಿದರು. ಒಂದು ಸಂಜೆ ಆ ಮೂವರೂ ರಸ್ತೆ ದಾಟಿ ಬಂದರು. ಮೇಷ್ಟ್ರ ಎಡಗೈ ಎರಡು ಕಡೆ ಮುರಿಯಿತು. ಪೊಲೀಸರು ದೂರು ಬರೆದುಕೊಳ್ಳದೆ, ಮೆಟ್ಟಿಲು ಜಾರಿ ಬಿದ್ದಿರಬೇಕು, ನೆನಪು ಮಾಡಿಕೊಳ್ಳಿ ಎಂದು ಕಳಿಸಿದರು.

ಎರಡನೇ ಮಹಡಿಯ ಅಧಿಕಾರಿ ಇದನ್ನೆಲ್ಲ ನಂಬಿದ್ದರು. ಆದರೆ ನಂಬಿದರೆ ಸಾಲದು. ಅಲ್ಲಿಯ ಸರ್ಕಾರವೇ ರಕ್ಷಣೆ ಕೊಡುವ ಹಾಗಿದ್ದರೆ ಮನುಷ್ಯ ಇಲ್ಲಿಗೇಕೆ ಬರಬೇಕು ಎನ್ನುತ್ತದೆ ಕಾನೂನು. ಆ ದೇಶದಲ್ಲಿ ಚುನಾವಣಾ ಸಿಬ್ಬಂದಿಗೆಂದೇ ಒಂದು ರಕ್ಷಣಾ ಘಟಕ ಇದೆಯಲ್ಲ, ಅದು ಕೆಲಸ ಮಾಡುತ್ತಿದೆಯೇ ಎಂದು ಅವರು ಲಿಖಿತವಾಗಿ ಕೇಳಿದ್ದರು. ಮೂರು ವಾರದೊಳಗೆ ಉತ್ತರ ಬೇಕು. ಕೆಲಸ ಮಾಡುತ್ತಿದೆ ಎಂದಾದರೆ ಮೇಷ್ಟ್ರು ವಿಮಾನ ಹತ್ತಬೇಕು. ಇಲ್ಲ ಎಂದಾದರೆ ಉಳಿಯಬಹುದು.

ಹುಡುಕಲು ಕೂತ ಎರಡೇ ಗಂಟೆಯಲ್ಲಿ ಅವಳಿಗೆ ಮೂರು ವರದಿಗಳು ಸಿಕ್ಕವು. ಒಂದು ಬೇರೆ ದೇಶದ ವಿದೇಶಾಂಗ ಇಲಾಖೆಯದು, ಒಂದು ಹೆಸರಾಂತ ಸಂಸ್ಥೆಯದು, ಒಂದು ವಿಶ್ವವಿದ್ಯಾಲಯದ್ದು. ಮೂರೂ ಹೊಸವು, ಮೂರೂ ಒಂದೇ ಮಾತು ಹೇಳಿದ್ದವು: ಘಟಕ ದೂರು ಸ್ವೀಕರಿಸುತ್ತದೆ, ಅಗತ್ಯವಿದ್ದರೆ ಪೊಲೀಸ್ ಕಾವಲು ಒದಗಿಸುತ್ತದೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ, ಒಂದರಿಂದ ಎರಡು ಊಟದ ಬಿಡುವು. ಮೂರು ಮೂಲಗಳು ಒಂದೇ ಮಾತು ಹೇಳಿದರೆ ಅದು ಸಂಗತಿ ಎಂಬುದು ಅವರ ಆಫೀಸಿನ ಲೆಕ್ಕ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಡತ ಮುಚ್ಚಿ ಚಹಾ ಕುಡಿಯಲು ಹೋಗುತ್ತಿದ್ದರು. ಅವಳಿಗೆ ಮಾತ್ರ ಆ ಊಟದ ಬಿಡುವು ಗಂಟಲಲ್ಲಿ ಸಿಕ್ಕಿಕೊಂಡಿತು. ಒಂದು ದೇಶದ ವಿದೇಶಾಂಗ ಇಲಾಖೆಗೆ ಇನ್ನೊಂದು ದೇಶದ ಗುಮಾಸ್ತರು ಊಟ ಮಾಡುವ ಹೊತ್ತು ಯಾತಕ್ಕೆ?

ವಿಶ್ವವಿದ್ಯಾಲಯದ ಅಡಿಟಿಪ್ಪಣಿ ಹಿಡಿದು ಹೋದಳು. ಅದು ಸಂಸ್ಥೆಯ ವರದಿಗೆ ಕರೆದೊಯ್ದಿತು. ಸಂಸ್ಥೆಯದು ವಿದೇಶಾಂಗ ಇಲಾಖೆಗೆ ಕೈ ತೋರಿಸಿತು. ವಿದೇಶಾಂಗ ಇಲಾಖೆಯದು ಒಂಬತ್ತು ವರ್ಷ ಹಳೆಯ ಒಂದು ವರದಿಯನ್ನು ಹೆಸರಿಸಿತ್ತು. ಅದು ಇವರದೇ ಆಫೀಸಿನ ವರದಿ. ತೆರೆದು ನೋಡಿದರೆ ಕೊನೆಯ ಪುಟದಲ್ಲಿ ಅವಳದೇ ಹೆಸರು.

ಅವಳಿಗೆ ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅಮ್ಮನ ಭಾಷೆ ಬರುತ್ತದೆ ಎಂದೇ ಅವಳನ್ನು ತೆಗೆದುಕೊಂಡಿದ್ದರು, ಅದನ್ನು ತೋರಿಸಿಕೊಳ್ಳುವ ಉಮೇದು. ಘಟಕದ ನಂಬರಿಗೆ ಫೋನ್ ಮಾಡಿದ್ದಳು. ಎರಡನೇ ರಿಂಗಿಗೆ ಎತ್ತಿದರು. ಒಬ್ಬ ಗಂಡಸು ಎಷ್ಟು ಮರ್ಯಾದೆಯಿಂದ, ಎಷ್ಟು ಸಾವಧಾನವಾಗಿ ಮಾತಾಡಿದರೆಂದರೆ, ಫೋನ್ ಇಟ್ಟ ಮೇಲೆ ಅವಳಿಗೆ ಆ ದೇಶದ ಮೇಲೇ ಅಭಿಮಾನ ಬಂದುಬಿಟ್ಟಿತ್ತು. ಊಟದ ಬಿಡುವನ್ನೂ ಬಿಡದೆ ಎಲ್ಲವನ್ನೂ ಬರೆದಳು. ಆ ಒಂದು ಫೋನ್ ಕರೆ ಒಂಬತ್ತು ವರ್ಷ ದೇಶ ದೇಶ ಸುತ್ತಿ, ಮೂರು ವೇಷ ಹಾಕಿಕೊಂಡು, ಈಗ ಮೂರು ಸಾಕ್ಷಿಯಾಗಿ ಅವಳ ಮೇಜಿನ ಮೇಲೇ ಬಂದು ಕೂತಿತ್ತು.

ಕಂಪ್ಯೂಟರಿನಲ್ಲಿ ಹಳೆಯ ತೀರ್ಪುಗಳನ್ನು ಹುಡುಕಿದಳು. ಅವಳ ಆ ವಾಕ್ಯವನ್ನು ಉದ್ಧರಿಸಿ ಈ ಕಟ್ಟಡದಲ್ಲಿ ತಿರಸ್ಕರಿಸಿದ ಅರ್ಜಿಗಳು ಮೂವತ್ತೊಂದು. ಆ ಮೂವತ್ತೊಂದು ಜನ ಈಗ ಎಲ್ಲಿದ್ದಾರೆಂದು ಯಾವ ಕಡತದಲ್ಲೂ ಇರಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು, ಮತ್ತೆ ಹೋಗಿ ಮತ್ತೆ ತೊಳೆದುಕೊಂಡಳು.

ವಿಭಾಗದ ಮುಖ್ಯಸ್ಥರಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಯಾರ ವರದಿ ಹೋದರೂ ಅದರಲ್ಲಿ ಅವರು ಬದಲಾಯಿಸುತ್ತಿದ್ದದ್ದು ಅದನ್ನೊಂದೇ. ಅವಳು ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿಮ್ಮ ಹಳೇ ವಾಕ್ಯ ವಾಪಸ್ ತಗೊಳ್ಳಿ, ನನ್ನ ಅಡ್ಡಿಯಿಲ್ಲ, ಆದರೆ ಉಳಿದ ಮೂರು ಅಚ್ಚಾಗಿ ಕೂತಿವೆಯಲ್ಲ, ಅವರು ನಿಮ್ಮನ್ನು ನಂಬಿದರೆ ಅದು ಅವರ ಹಣೆಬರಹ, ಎಂದರು. ಇವತ್ತಿನ ದಿನ ಘಟಕ ಕೆಲಸ ಮಾಡುತ್ತಿಲ್ಲ ಎಂದು ಬರೆಯಬೇಕಾದರೆ ಹಾಗೆಂದು ಹೇಳುವ ಹೊಸ ಬಾಯಿ ಬೇಕು. ನನಗೆ ಅನುಮಾನ ಅನ್ನುವುದು ಮೂಲವಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅವಳಿಗೆ ಸಿಟ್ಟು ಬಂದದ್ದೂ ಅದಕ್ಕೇ.

ಮರುದಿನ ಅದೇ ನಂಬರಿಗೆ ಫೋನ್ ಮಾಡಿದಳು. ಎರಡನೇ ರಿಂಗಿಗೆ ಎತ್ತಿದರು. ಅದೇ ದನಿ, ಒಂಬತ್ತು ವರ್ಷಕ್ಕೆ ಸ್ವಲ್ಪ ಒರಟಾಗಿತ್ತು, ಅಷ್ಟೇ. ತಾನು ಯಾರು, ಯಾವ ಆಫೀಸು, ತನ್ನ ನಂಬರೇನು ಎಂದು ಕ್ರಮದ ಪ್ರಕಾರ ಹೇಳಿ ಪ್ರಶ್ನೆಗಳನ್ನು ಕೇಳಿದಳು. ದೂರು ತೆಗೆದುಕೊಳ್ಳುತ್ತೇವೆ ಮೇಡಂ, ಕಾವಲು ಕೊಡುತ್ತೇವೆ ಮೇಡಂ. ಪಾಠ ಒಪ್ಪಿಸಿದ ಹಾಗೆ ಎಲ್ಲ ಬಂತು. ಕೊನೆಗೆ ಅವಳು, ಆಗ ನಾನು ಫೋನ್ ಮಾಡಿದಾಗಲೂ ನೀವೇ ಮಾತಾಡಿದ್ದಿರಿ ಅನಿಸುತ್ತದೆ ಎಂದಳು. ಅದಕ್ಕೆ ಅವರು, ಒಂದರಿಂದ ಎರಡು ಊಟದ ಬಿಡುವು ಮೇಡಂ, ಆಗ ನಾನು ಇಲ್ಲಿರಲ್ಲ, ಎಂದು ಹೇಳಿ ಫೋನ್ ಇಟ್ಟರು.

ಸಂಜೆ ಅಮ್ಮನಿಗೆ ಇದನ್ನು ಹೇಳಿದಳು. ಆಫೀಸಿನ ಮಾತು ಮನೆಗೆ ತರುವಂತಿಲ್ಲ ಎಂದು ಅದಕ್ಕೂ ಒಂದು ನಿಯಮವಿತ್ತು, ಆದರೆ ಅಮ್ಮನ ಎದುರು ಯಾವ ನಿಯಮ ನಿಂತೀತು. ಅಮ್ಮ ಆ ದೇಶ ಬಿಟ್ಟಾಗ ಅವಳಿನ್ನೂ ಹೊಟ್ಟೆಯಲ್ಲಿದ್ದಳು. ಯಾಕೆ ಬಿಟ್ಟೆ ಎಂದು ಕೇಳಿದಾಗಲೆಲ್ಲ ಅಮ್ಮ, ಅಲ್ಲಿ ಸೆಕೆ ಜಾಸ್ತಿ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಈಗ ಬಟ್ಟೆ ಮಡಚುತ್ತಿದ್ದವಳು ಮಡಚುವುದನ್ನು ನಿಲ್ಲಿಸಿದಳು.

“ಎಷ್ಟನೇ ರಿಂಗಿಗೆ ಎತ್ತಿದ ಅಂದೆ?”

“ಎರಡನೇದಕ್ಕೆ.”

“ನಮ್ಮ ಕಡೆ ಸರ್ಕಾರದೋರು ಅಷ್ಟು ಬೇಗ ಫೋನ್ ಎತ್ತಿದರೆ ಹೆದರ್ಕೋಬೇಕು ಮಗಳೇ. ಕೆಲಸ ಇರೋ ಆಫೀಸಲ್ಲಿ ಯಾರೂ ಎತ್ತಲ್ಲ.” ಅಷ್ಟು ಹೇಳಿ ಮತ್ತೆ ಮಡಚತೊಡಗಿದಳು. ಒಂದೇ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಎರಡು ದಿನ ಬಿಟ್ಟು, ಅಲ್ಲಿಯ ಮಧ್ಯಾಹ್ನ ಒಂದೂಕಾಲಿಗೆ, ಅವಳ ಮೇಜಿನ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು, ಹಿಂದೆ ವಾಹನಗಳ ಸದ್ದು. ದನಿ ಅವರದೇ. ಈ ಸಲ ಅವರು ಮೇಡಂ ಎನ್ನಲಿಲ್ಲ, ತಂಗಿ ಎಂದರು.

ಅವರು ಹೇಳಿದ್ದು ಹನ್ನೆರಡು ನಿಮಿಷ. ಘಟಕ ಅಂದರೆ ಒಂದು ಕೋಣೆ, ಒಂದು ಮೇಜು, ಒಂದು ಫೋನು, ಅವರೊಬ್ಬರು. ಹನ್ನೆರಡು ವರ್ಷದಿಂದ ಇನ್ನೊಬ್ಬ ಗುಮಾಸ್ತ ಬೇಕೆಂದು ಬರೆದು ಬರೆದು ಸಾಕಾಗಿತ್ತಂತೆ. ಆ ನಂಬರು ಆ ದೇಶದವರಿಗೆ ಯಾರಿಗೂ ಗೊತ್ತಿಲ್ಲ, ಹೊರದೇಶಕ್ಕೆ ಕಳಿಸುವ ಪುಸ್ತಿಕೆಯಲ್ಲಿ ಮಾತ್ರ ಅಚ್ಚು ಹಾಕಿದ್ದಾರೆ. ಫೋನ್ ಮಾಡಿದವರು ಇಷ್ಟು ವರ್ಷದಲ್ಲಿ ಐದೇ ಜನ, ಐವರೂ ಹೊರದೇಶದವರು, ಐವರೂ ಅವಳಂಥವರೇ. ಬೇಗ ಎತ್ತಬೇಕು, ಮರ್ಯಾದೆಯಿಂದ ಮಾತಾಡಬೇಕು ಎಂದು ಅವರಿಗೆ ಆದೇಶ.

ದೂರು ಕೊಡಲು ಯಾರೂ ಬಂದೇ ಇಲ್ಲವೇ ಎಂದು ಅವಳು ಕೇಳಿದಳು.

“ಬಂದಿದಾರೆ. ಹೇಗೋ ವಿಳಾಸ ಹುಡುಕ್ಕೊಂಡು ಹದಿನಾಲ್ಕು ಜನ ಬಂದಿದಾರೆ. ಎಲ್ಲರದೂ ಪುಸ್ತಕದಲ್ಲಿ ಬರ್ಕೊಂಡೆ. ಪುಸ್ತಕ ಶುಕ್ರವಾರ ಮೇಲಕ್ಕೆ ಹೋಗತ್ತೆ, ಸೋಮವಾರ ವಾಪಸ್ ಬರತ್ತೆ. ಮಧ್ಯೆ ಯಾರ ಕೈಗೆ ಹೋಗತ್ತೆ ಅಂತ ನಾನು ಕೇಳಿಲ್ಲ. ಆದರೆ ತಂಗಿ, ದೂರು ಏನಾಯ್ತು ಅಂತ ಕೇಳೋಕೆ ಅವರಲ್ಲಿ ಒಬ್ಬರೂ ಎರಡನೇ ಸಲ ಬರಲಿಲ್ಲ.”

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಹೇಳುತ್ತಿದ್ದೀರಿ ಎಂದು ಕೇಳಬೇಕಾದ್ದು ಅವಳ ಕೆಲಸ. ಮೂಲದ ಉದ್ದೇಶವನ್ನು ತಿಳಿಯಬೇಕು. ಕೇಳಿದಳು. ಅವರ ಮಗಳೂ ಶಾಲೆಯಲ್ಲಿ ಕಲಿಸುತ್ತಾಳಂತೆ. ಮುಂದಿನ ಚುನಾವಣೆಗೆ ಅವಳನ್ನು ಎಣಿಕೆಗೆ ಹಾಕಿದ್ದಾರೆ. ಅವಳದು ಮೊಂಡು ಸ್ವಭಾವ, ತಪ್ಪು ಅನಿಸಿದರೆ ಸಹಿ ಹಾಕುವವಳಲ್ಲ. ನಾಳೆ ಅವಳು ಓಡಬೇಕಾಗಿ ಬಂದರೆ, ನಾನೇ ಹೇಳಿದ ಸುಳ್ಳು ಅವಳ ಮುಂದೆ ಬಾಗಿಲು ಹಾಕಬಾರದು, ಎಂದರು.

“ಬರ್ಕೋ. ನನ್ನ ಹೆಸರು ಮಾತ್ರ ಬೇಡ.”

“ಬರೆಯಲ್ಲ ಅಣ್ಣಾ. ನಿಮ್ಮ ಹೆಸರು ನನಗೂ ಬೇಡ, ಹೇಳಲೇಬೇಡಿ.”

ಅವರು ಮೊದಲ ಸಲ ಸಣ್ಣಗೆ ನಕ್ಕರು. ಒಳ್ಳೇದು ತಂಗಿ, ಎಂದು ಫೋನ್ ಇಟ್ಟರು.

ಅಂದಿನಿಂದ ಒಂದು ವಾರ ಅವಳು ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು. ಗಂಡಸು ಎಂಬುದನ್ನು ಅಳಿಸಿದಳು. ಮಗಳನ್ನು ಅಳಿಸಿದಳು. ಕರೆ ಬಂದ ದಿನ, ಹೊತ್ತು, ವಾಹನಗಳ ಸದ್ದು ಎಲ್ಲ ಹೋಯಿತು. ಫೋನಿನಲ್ಲಿ ಉಳಿದಿದ್ದ ನಂಬರನ್ನೂ ಅಳಿಸಿ, ಅಳಿಸಿತೇ ಎಂದು ಎರಡು ಸಲ ನೋಡಿದಳು. ಕೊನೆಗೆ ವರದಿಯಲ್ಲಿ ಅವರು ಒಬ್ಬ ಬಲ್ಲ ಮೂಲವಾಗಿ ಉಳಿದರು. ಇಷ್ಟು ಎಚ್ಚರದಿಂದ ಅವಳು ತನ್ನ ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಲ್ಪವಿರಾಮದವರು ಅಲ್ಲಿಗೇ ಬಂದು ಬೆರಳಿಟ್ಟರು. ಬಲ್ಲ ಮೂಲ ಅಂದರೆ ಯಾರು, ಬಸ್ಸಿನಲ್ಲಿ ಪಕ್ಕ ಕೂತವನೇ, ಎಂದು ಕೇಳಿದರು. ಎದುರಿಗೆ ಮೂರು ದೊಡ್ಡ ವರದಿಗಳಿವೆ. ಅವನ್ನು ಎತ್ತಿ ಪಕ್ಕಕ್ಕಿಡಬೇಕಾದರೆ ಈ ಮೂಲಕ್ಕೆ ತೂಕ ಬೇಕು. ಹೆಸರು ಮರೆಮಾಡಿದಾಗ ಹುದ್ದೆಯನ್ನಾದರೂ ತಿಳಿಸತಕ್ಕದ್ದು ಎಂದು ನಿಯಮದ ಪುಸ್ತಕ ತೆಗೆದು ಓದಿಯೇ ಬಿಟ್ಟರು. ಹಾಗೆ ಬರೆಯದಿದ್ದರೆ ಎರಡನೇ ಮಹಡಿಯವರು ಒಪ್ಪುವುದಿಲ್ಲ, ನಿಮ್ಮ ಮೇಷ್ಟ್ರು ಹೋಗುತ್ತಾರೆ, ಆಮೇಲೆ ನನ್ನನ್ನು ಅನ್ನಬೇಡಿ, ಎಂದರು.

ಅವಳು ತನ್ನ ಮೇಜಿಗೆ ಬಂದು ಕೂತಳು. ಮುರಿದ ಕೈ ಕಣ್ಣಿಗೆ ಕಟ್ಟಿತು, ಮೂವತ್ತೊಂದು ಜನ ಕಣ್ಣಿಗೆ ಕಟ್ಟಿದರು. ಒಬ್ಬ ಬಲ್ಲ ಮೂಲ ಎಂಬುದನ್ನು ಹೊಡೆದುಹಾಕಿ ಘಟಕದ ಒಬ್ಬ ಸಿಬ್ಬಂದಿ ಎಂದು ಬರೆದಳು. ಸಿಬ್ಬಂದಿ ಅನ್ನುವುದು ಹುದ್ದೆ, ಹೆಸರಲ್ಲ, ಇದರಿಂದ ಯಾರಿಗೇನು ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ವರದಿಯನ್ನು ಅವಳಲ್ಲದೆ ಮೂವರು ಓದಿದರು: ಅಲ್ಪವಿರಾಮದವರು, ಎರಡನೇ ಓದುಗರು, ಕಾನೂನು ವಿಭಾಗದವರು. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೆಸರಿಗಾಗಿ ಹುಡುಕಿದರು. ಹೆಸರು ಎಲ್ಲೂ ಇರಲಿಲ್ಲ. ವರದಿ ಪಾಸಾಯಿತು, ಅವರ ಪದ್ಧತಿಯಂತೆ ಯಾರು ಬೇಕಾದರೂ ಓದಬಹುದಾದ ಕಡೆ ಅಂತರ್ಜಾಲಕ್ಕೆ ಏರಿತು. ನಾವು ಮುಚ್ಚಿಡುವುದು ಏನೂ ಇಲ್ಲ ಎಂದು ಆ ಪುಟದ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದ ಆಫೀಸು ಅದು.

ಆರು ವಾರ ಕಳೆಯಿತು. ಮೇಷ್ಟ್ರಿಗೆ ಆಶ್ರಯ ಸಿಕ್ಕಿತು. ಅವರ ವಕೀಲೆ ಫೋನ್ ಮಾಡಿ, ನಿಯಮ ಮೀರುತ್ತಿದ್ದೇನೆ ಕ್ಷಮಿಸಿ, ಆದರೆ ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಎಂದಳು. ಫೋನ್ ಇಟ್ಟ ಮೇಲೆ ಇವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಹತ್ತು ವರ್ಷದ ಮೇಲೆ ಒಂದು ಸರಿಯಾದ ಕೆಲಸ ಮಾಡಿದ್ದೇನೆ ಎಂದು ಅವಳಿಗೆ ನಿಜವಾಗಿ ಅನಿಸಿತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಏನೂ ಅಣಕಿಸದೆ ಮಗಳ ತಲೆ ಸವರಿದಳು.

ಮರುದಿನ ಬೆಳಿಗ್ಗೆ ಆಫೀಸಿನ ಎದುರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಂಚಿನಿಂದ ಒಬ್ಬರು ಎದ್ದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಎಡಗೈ ಮೊಣಕೈ ಹತ್ತಿರ ಸ್ವಲ್ಪ ಸೊಟ್ಟ, ಬಲಗೈಯಲ್ಲಿ ಪ್ಲಾಸ್ಟಿಕ್ ಫೈಲು. ಕಡತ ಓದಿ ಅವಳು ಊಹಿಸಿಕೊಂಡಿದ್ದಕ್ಕಿಂತ ತುಂಬಾ ಸಣ್ಣಗಿದ್ದರು. ವಕೀಲಮ್ಮ ಗುರುತು ಹೇಳಿದರು, ಇನ್ನು ಮಾತಾಡಿದರೆ ತೊಂದರೆ ಇಲ್ಲವಂತೆ, ಎಂದು ಅಮ್ಮನ ಭಾಷೆಯಲ್ಲಿ ಹೇಳಿ ಕೈ ಮುಗಿದರು. ಅವಳಿಗೆ ಏನು ಮಾಡಬೇಕೆಂದು ತೋಚದೆ ತಾನೂ ಮುಗಿದಳು. ಊಟ ಆಯಿತೇ, ರೂಮು ಬೆಚ್ಚಗಿದೆಯೇ ಎಂದು ನೆಂಟರನ್ನು ವಿಚಾರಿಸುವ ಹಾಗೆ ವಿಚಾರಿಸಿದಳು. ಮೇಷ್ಟ್ರು ಎಲ್ಲದಕ್ಕೂ ಆಯಿತು ತಾಯಿ, ಇದೆ ತಾಯಿ ಎಂದರು. ಆಮೇಲೆ ಫೈಲಿನಿಂದ ತೀರ್ಪಿನ ಪ್ರತಿಯನ್ನು ತೆಗೆದರು. ಅದಕ್ಕೆ ಅವಳ ವರದಿಯನ್ನೂ ಹಾಗೆಹಾಗೆಯೇ ಲಗತ್ತಿಸಿದ್ದರು. ಎರಡು ಕಡೆ ಮೇಷ್ಟ್ರು ಪೆನ್ಸಿಲಿನಲ್ಲಿ ತೆಳ್ಳಗೆ ಗೀಟು ಹಾಕಿದ್ದರು.

“ಒಂದು ಕೇಳಬೇಕಿತ್ತು ತಾಯಿ. ತಪ್ಪು ತಿಳ್ಕೋಬೇಡಿ, ಕೂಡಿಸಿ ನೋಡೋದು ನನಗೆ ಅಭ್ಯಾಸ. ಇಲ್ಲಿ ವರದಿಯ ನಾಲ್ಕನೇ ಪುಟದಲ್ಲಿ, ಘಟಕದಲ್ಲಿ ಒಬ್ಬರೇ ಸಿಬ್ಬಂದಿ ಇರೋದು ಅಂತಿದೆ. ಆರನೇ ಪುಟದಲ್ಲಿ, ಘಟಕದ ಒಬ್ಬ ಸಿಬ್ಬಂದಿ ಈ ವಿಷಯ ಎಲ್ಲ ಹೇಳಿದರು ಅಂತಿದೆ.” ಅವರು ಕಾಗದದಿಂದ ಕಣ್ಣೆತ್ತಿದರು. “ಆ ಪುಣ್ಯಾತ್ಮ ಈಗ ಕ್ಷೇಮವಾಗಿದಾರಾ?”

ಅವಳು ಕಾಗದವನ್ನು ಇಸಿದುಕೊಂಡು ಓದಿದಳು. ನಾಲ್ಕನೇ ಪುಟದ ಸಾಲು ಅವಳದೇ. ಘಟಕ ಎಷ್ಟು ದುರ್ಬಲ ಎಂದು ತೋರಿಸಲು ಅದಕ್ಕಿಂತ ಗಟ್ಟಿಯಾದ ಸಂಗತಿ ಇಲ್ಲವೆಂದು ಅದನ್ನು ಅವಳೇ ಹೆಮ್ಮೆಯಿಂದ ಹಾಕಿದ್ದಳು. ಆರನೇ ಪುಟದ್ದೂ ಅವಳದೇ. ಎರಡರ ಮಧ್ಯೆ ಒಂದೂವರೆ ಪುಟದ ಅಂತರ. ನಾಲ್ಕು ಜನ ಓದಿದವರು, ಒಬ್ಬರೂ ಕೂಡಿಸಿರಲಿಲ್ಲ. ಇಲ್ಲೇ ಇರಿ ಮೇಷ್ಟ್ರೇ, ಬಂದೆ, ಎಂದು ಹೇಳಿ ರಸ್ತೆ ದಾಟಿದಳು. ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದಳು.

ಎರಡನೇ ರಿಂಗಿಗೆ ಎತ್ತಿದರು.

“ರಕ್ಷಣಾ ಘಟಕ, ನಮಸ್ಕಾರ. ಹೇಳಿ ಮೇಡಂ, ಏನು ಸಹಾಯ ಬೇಕಿತ್ತು?”

ಹೆಂಗಸಿನ ದನಿ, ಚಿಕ್ಕ ವಯಸ್ಸು, ಬಹಳ ಇಂಪಾಗಿತ್ತು. ಅವಳು ತಾನು ಯಾರೆಂದು ಹೇಳುವ ಮೊದಲೇ ಆ ಕಡೆಯವಳು ಮೇಡಂ ಎಂದಿದ್ದಳು. ಮೊದಲು ಅಲ್ಲಿ ಒಬ್ಬರು ಮಾತಾಡುತ್ತಿದ್ದರು, ಅವರೊಡನೆ ಮಾತಾಡಬೇಕಿತ್ತು, ಎಂದಳು ಇವಳು.

“ಇಲ್ಲಿ ನಾವು ಆರು ಜನ ಇದ್ದೀವಿ ಮೇಡಂ. ಯಾರು ಬೇಕಿತ್ತು? ಹೆಸರು ಹೇಳಿ, ಕರೀತೀನಿ.”

ಹೇಳಲು ಹೆಸರಿರಲಿಲ್ಲ. ಬೇಡ, ಹೇಳಲೇಬೇಡಿ ಎಂದು ಅವಳೇ ತಡೆದಿದ್ದಳು. ಅವರು ಫೋನ್ ಮಾಡಿದ ನಂಬರನ್ನು ಅಳಿಸಿದ್ದಳು. ಮಗಳು ಯಾವ ಶಾಲೆ ಎಂದು ಕೇಳಿರಲಿಲ್ಲ. ಅವರನ್ನು ಯಾರೂ ಹುಡುಕಬಾರದು ಎಂದು ಎಷ್ಟು ಚೆನ್ನಾಗಿ ಒರೆಸಿದ್ದಳೆಂದರೆ, ಈಗ ಹುಡುಕಲು ಅವಳಿಗೆ ಒಂದು ಎಳೆಯೂ ಉಳಿದಿರಲಿಲ್ಲ. ಹುಡುಕಬೇಕಾದವರಿಗೆ ಮಾತ್ರ ಎರಡು ಸಾಲು ಸಾಕಾಗಿತ್ತು.

ವಯಸ್ಸಾದವರು, ಸ್ವಲ್ಪ ಒರಟು ದನಿ, ಎಂದಳು.

“ಅಂಥೋರು ಇಲ್ಲಿ ಯಾರೂ ಇರಲಿಲ್ಲ ಮೇಡಂ. ಮೊದಲಿಂದಲೂ ನಾವು ಆರೇ ಜನ. ಹಾಂ, ಹೇಗೂ ಫೋನ್ ಮಾಡಿದೀರಿ, ನಿಮ್ಮ ವರದಿ ನಾಲ್ಕನೇ ಪುಟದಲ್ಲಿ ಸಿಬ್ಬಂದಿ ಒಬ್ಬರೇ ಅಂತ ತಪ್ಪಾಗಿ ಬಂದಿದೆ. ದಯವಿಟ್ಟು ತಿದ್ದಿಕೊಳ್ಳಿ. ಈಗ ದೂರಿಗೆ ರಸೀದಿ ಕೂಡ ಕೊಡ್ತೀವಿ, ಅದನ್ನೂ ಸೇರಿಸಿ.”

ಫೋನ್ ಇಟ್ಟ ಮೇಲೆ ಅವಳು ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ. ಅಲ್ಪವಿರಾಮದವರು ಒಳಗೆ ಬಂದರು, ಮುಖ ಯಾಕೆ ಹೀಗಿದೆ ಎಂದು ಕೇಳಿದರು. ಹೇಳಿದಳು. ಅವರು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿದರು. ಅದನ್ನು ಮತ್ತೆ ಹಾಕಿಕೊಂಡು, ಆರು ಜನ ಅಂದಿದ್ದನ್ನು ಬರೆಯಬೇಕಾಗುತ್ತದೆಯಲ್ಲ, ಎಂದರು. ಆ ವ್ಯಕ್ತಿ ಈಗಿಲ್ಲ ಎಂದು ಬರೆಯೋಣ ಎಂದಳು ಅವಳು. ಯಾವ ವ್ಯಕ್ತಿ, ಇಲ್ಲ ಎಂದು ಯಾರು ಹೇಳಿದರು ಎಂದು ಬರೆಯುತ್ತೀರಿ, ಎಂದು ಅವರು ಕೇಳಿದರು. ಅವರಿದ್ದರು ಎನ್ನುವುದಕ್ಕೇ ಈಗ ಅವಳೊಬ್ಬಳನ್ನು ಬಿಟ್ಟರೆ ಬೇರೆ ಮೂಲವಿರಲಿಲ್ಲ. ಹಳೆಯ ಮೂರು ವರದಿಗಳ ಜೊತೆ ನಾಲ್ಕನೆಯದಾಗಿ ಇದೂ ಸೇರುತ್ತದೆ, ಆರು ಜನ, ರಸೀದಿ ಸಮೇತ. ನಾಳೆ ಒಬ್ಬ ಮೊಂಡು ಹುಡುಗಿ ಆ ದೇಶದಿಂದ ಓಡಿಬಂದು ಹಿಂದಿನ ಬಾಗಿಲಲ್ಲಿ ನಿಂತರೆ ಎರಡನೇ ಮಹಡಿಯವರು ಅದನ್ನೇ ಓದಿ ಹೇಳುತ್ತಾರೆ.

ಕೆಳಗೆ ಇಳಿದು ಬರುವಾಗ, ಏನು ಹೇಳಲಿ ಎಂದು ಪ್ರತಿ ಮೆಟ್ಟಿಲಿಗೂ ಯೋಚಿಸಿದಳು. ಚೆನ್ನಾಗಿದ್ದಾರೆ ಎಂದುಬಿಡಬಹುದು. ಒಂದು ಸುಳ್ಳಿಗೆ ಏನು ಖರ್ಚು. ಮೇಷ್ಟ್ರು ಬೆಂಚಿನ ತುದಿಯಲ್ಲಿ, ಇನ್ನಿಬ್ಬರಿಗೆ ಜಾಗ ಬಿಟ್ಟು ಕೂತಿದ್ದರು. ಅವಳನ್ನು ಕಂಡು ಏಳಲು ಹೋದರು. ಅವಳ ಮುಖ ನೋಡಿ ಏಳದೆ ಕೂತರು.

“ಬೇರೆ ಯಾರೋ ಎತ್ತಿದರು,” ಎಂದಳು ಅವಳು.

ಆ ದೇಶದಲ್ಲಿ ಹುಟ್ಟಿದವರಿಗೆ ಅಷ್ಟು ಸಾಕಾಗಿತ್ತು. ಅವಳು ಅವರ ಪಕ್ಕ ಕೂತಳು. ಒಂದು ಬಸ್ಸು ಬಂತು, ಜನ ಇಳಿದರು, ಹೋದರು. ಮೇಷ್ಟ್ರು ತೀರ್ಪಿನ ಕಾಗದವನ್ನು ಫೈಲಿಗೆ ಹಾಕಲು ನೋಡಿದರು, ಸೊಟ್ಟ ಕೈ ಸಹಕರಿಸಲಿಲ್ಲ, ಅವಳು ಹಾಕಿಕೊಟ್ಟಳು.

“ಮನೆಯಲ್ಲಿ ಯಾರ್ಯಾರಿದ್ದರೋ,” ಎಂದರು.

“ಒಬ್ಬಳು ಮಗಳು. ಅವಳೂ ನಿಮ್ಮ ಹಾಗೆ ಶಾಲೆಯಲ್ಲಿ ಕಲಿಸೋದಂತೆ.”

ಮೇಷ್ಟ್ರು ತಲೆ ಆಡಿಸಿದರು. ಕಣ್ಣೊರೆಸಿಕೊಳ್ಳಲಿಲ್ಲ, ಅದು ಹರಿಯುತ್ತಿರುವುದು ಅವರಿಗೆ ಗೊತ್ತಿದ್ದಂತೆಯೂ ಇರಲಿಲ್ಲ.

“ಅವತ್ತು ಆ ಹಾಳೆಗೆ ನಾನು ಸಹಿ ಹಾಕಿಬಿಡಬೇಕಿತ್ತು ತಾಯಿ,” ಎಂದರು. “ಅವರು ಹೇಗೂ ಗೆದ್ದರು.”

ಆ ಸಹಿ ಹಾಕದ ಮನುಷ್ಯನಿಗಾಗಿಯೇ ಅವಳು ಇಷ್ಟೆಲ್ಲ ಮಾಡಿದ್ದಳು. ಹಾಗನ್ನಬೇಡಿ ಮೇಷ್ಟ್ರೇ, ನೀವು ಮಾಡಿದ್ದೇ ಸರಿ ಎಂದು ಹೇಳಬೇಕಿತ್ತು. ಅವಳು ಅವರ ಮಡಿಲಲ್ಲಿದ್ದ ಫೈಲಿನ ಗುಂಡಿ ಹಾಕಿದಳು.